ಒಲೆಗಾಗದ ಹೊಟ್ಟು

ಹದಿನೇಳು ಕಂಬ. ಹರಾಜಿನಲ್ಲಿ ನನ್ನ ಹೆಸರಿಗೆ ಬಿದ್ದವು.
ಸಿಮೆಂಟಿನವು ಬಂದು ನಿಂತಮೇಲೆ
ಹೊಸನಗರದ ಉಗ್ರಾಣದ ಬೇಲಿಗುಂಟ
ಅಡ್ಡ ಮಲಗಿದ್ದ ನೀಲಗಿರಿ.
ಬುಡ ಮಾತ್ರ ಕೊಂಚ ಮೆತ್ತಗೆ. ಉಳಿದದ್ದಕ್ಕೆ
ಮೂವತ್ತು ಮಳೆಗಾಲ ಗೆದ್ದಲು ಬಾಯಿ ಹಾಕಿಲ್ಲ.
ಯಾಕೆ ಹಾಕಿಲ್ಲ ಎನ್ನುವುದೇ
ಇವತ್ತಿನ ಕೆಲಸದ ತೊಡಕು.

ಪಿಕಪ್ಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಮಿಲ್ಲು ನನ್ನದು:
ಎರಡು ಹಳಿ, ಒಂದು ಪೆಟ್ರೋಲ್ ಇಂಜಿನ್,
ಎರಡು ಬೆರಳಗಲದ ಪಟ್ಟಿ ಬ್ಲೇಡು.
ಮರ ಇದ್ದಲ್ಲಿಗೇ ಹೋಗುತ್ತದೆ,
ಕಲಾಯಿಯವನ ತಿದಿಯ ಹಾಗೆ.
ಈ ಸಲ ಬಟ್ಟೆಮಲ್ಲಪ್ಪದಲ್ಲಿ,
ಮುಚ್ಚಿಹೋದ ಅಕ್ಕಿ ಗಿರಣಿಯ ಬಯಲಿನಲ್ಲಿ.

ಕೊಯ್ಯುವ ಮೊದಲು ಮೈ ತಡವಬೇಕು.
ಯಾವುದೋ ಚುನಾವಣೆಯ ತಗಡು,
ಮೂಲವ್ಯಾಧಿಗೆ ಮದ್ದು ಕೊಡುವವರ ಫೋನ್ ನಂಬರು,
ಬಟ್ಟೆ ಹಗ್ಗಕ್ಕೆ ಯಾರೋ ಹೊಡೆದ ಕೊಕ್ಕೆ.
ಎಲ್ಲ ಕಿತ್ತೆ ಅಂದುಕೊಂಡಾಗಲೇ
ಒಳಗೊಂದು ಮುರಿದ ಮೊಳೆ ಕಿರ್ರೆಂದು ಕೂಗಿ
ಒಂಬತ್ತು ಹಲ್ಲು ಹೋದವು.
ರಿಪ್ಪನ್‌ಪೇಟೆಯ ಮೊಯ್ದು ಸಾಣೆ ಹಿಡಿಯುವ ಮುಂಚೆ ಬಯ್ಯುತ್ತಾನೆ:
ಮರ ಕೊಯ್ದ್ಯೋ, ಗುಜರಿ ಕೊಯ್ದ್ಯೋ?

ಮೊದಲ ಪಟ್ಟಿ ಕಳಚಿದಾಗ
ಬೂದುಬಣ್ಣದ ಕೆಳಗೆ ಹಸಿರು.
ಎಲೆಯದಲ್ಲ, ಪಾಚಿಯದಲ್ಲ,
ತೊಳೆಯದೆ ಮರೆತ ತಾಮ್ರದ ಚೊಂಬಿನ
ಕಿಲುಬಿನ ಹಸಿರು.
ಮೈಲುತುತ್ತಿನ ದಾಯಾದಿ. ಜತೆಗೆ ಪಾಷಾಣವೂ ಉಂಟು.
ಉಕ್ಕಿನ ಕೊಳವೆಯೊಳಗೆ ಮಲಗಿಸಿ
ಒತ್ತಿ ಒತ್ತಿ ಕುಡಿಸಿದ್ದಂತೆ.
ಎರಡು ಬೆರಳು ಆಳ ಹೋದರೆ ಥಟ್ಟನೆ ಕೆಂಪು.
ತಿರುಳು ಮಾತ್ರ
ಏನನ್ನೂ ಕುಡಿದಿಲ್ಲ.

ಮೂಗಿಗೆ ಮುಸುಕು, ಬ್ಲೇಡಿಗೆ ನೀರಿನ ತೊಟ್ಟು,
ನೆಲಕ್ಕೆ ಟಾರ್ಪಾಲು, ಹೊಟ್ಟು ಹಾರದ ಹಾಗೆ.
ಚೌಡಮ್ಮ ಬುಟ್ಟಿ ಹಿಡಿದು ಬಂದೇಬಿಟ್ಟಳು.
ಕೊಡಲ್ಲ, ಅಂದೆ.
ಕೊಟ್ಟಿಗೆಗೆ ಹಾಸಕ್ಕೆ? ಬೇಡ.
ಬಚ್ಚಲೊಲೆಗೆ? ಅದಂತೂ ಬೇಡವೇ ಬೇಡ.
ದುಡ್ಡಿಗಾದ್ರೂ?
ಹೊಟ್ಟಿಗೂ ಗಂಟುಮುಖ ಹಾಕೋ ಮಿಲ್ಲಿನವರನ್ನ
ಇವತ್ತೇ ಕಂಡದ್ದು, ಅಂತ ಹೋದಳು.
ಸಿಟ್ಟು ಬರಲಿಲ್ಲ.
ಹೊಟ್ಟಿನ ಒಲೆಯ ಅನ್ನ ಉಂಡು ಬೆಳೆದವನು ನಾನು.
ಡಬ್ಬದ ನಡುವೆ ಬಾಟಲಿ ನಿಲ್ಲಿಸಿ
ಅವ್ವ ಸುತ್ತ ಹೊಟ್ಟು ತುಂಬಿ ಗಿಡಿದು
ಬಾಟಲಿಯನ್ನು ಮೆಲ್ಲಗೆ ತಿರುಪಿ ಎತ್ತಿದರೆ
ಉಳಿಯುತ್ತಿದ್ದ ಆ ದುಂಡನೆಯ ಕತ್ತಲೆಯಲ್ಲಿ
ಬೆಂಕಿ ಅರ್ಧ ದಿನ ಕೂತಿರುತ್ತಿತ್ತು.
ಹೊಟ್ಟು ಕೇಳಿದವರಿಗೆ ಇಲ್ಲ ಅನ್ನುವುದು
ನೀರು ಕೇಳಿದವರಿಗೆ ಇಲ್ಲ ಅಂದಂತೆ ನಮ್ಮ ಕಸುಬಿನಲ್ಲಿ.

ಮೂರರ ಹೊತ್ತಿಗೆ ಕೆರಿಯಪ್ಪ ಬಂದರು.
ಲೈನ್‌ಮನ್ ಆಗಿದ್ದವರು, ಈಗ ಪಿಂಚಣಿ.
ಕಂಬ ಕಂಬದ ಬಿಲ್ಲೆಗೂ ಬಗ್ಗಿ ಬಗ್ಗಿ
ಹನ್ನೊಂದನೆಯದರ ಹತ್ತಿರ ಕೂತರು.
ಇದು ಮಾಸ್ತಿಕಟ್ಟೆ ರಸ್ತೆದು. ನೋಡಿಲ್ಲಿ,
ನನ್ನ ಕಾಲಿನ ಮುಳ್ಳು.
ಹೌದು. ಎಡಕ್ಕೊಂದು ಬಲಕ್ಕೊಂದು
ಮರಕುಟಿಕ ಕುಕ್ಕಿದಂಥ ಗುಳಿಗಳು
ತುದಿಯವರೆಗೆ.
ಮಳೇಲಿ ಜಾರ್ತಿತ್ತು ಮಾರಾಯ, ತಬ್ಬಿ ಹಿಡೀತಿದ್ದೆ.
ಅಂಗಿ ಎದೆಯೆಲ್ಲ ಹಸಿರು. ಹೆಂಡತಿ ಎಷ್ಟು ತಿಕ್ಕಿದ್ರೂ ಹೋಗ್ತಿರಲಿಲ್ಲ.
ಹೇಳುತ್ತ ಹೇಳುತ್ತ ಅಂಗೈಯಲ್ಲಿ ಕಂಬ ನೀವಿ,
ಅದೇ ಕೈಯಲ್ಲಿ ಎಲೆಗೆ ಸುಣ್ಣ ಹಚ್ಚತೊಡಗಿದರು.

ತಡೆದೆ. ಹೇಳಿದೆ,
ಕಿಲುಬಿನ ಮಾತು, ಪಾಷಾಣದ ಮಾತು.
ಎಲೆ ಹಾಗೇ ಕೈಯಲ್ಲಿ.
ಇದರ ಬುಡದಲ್ಲೇ ಕೂತು ಬುತ್ತಿ ಬಿಚ್ತಿದ್ವಲ್ಲ,
ಅಂದರು.
ನಮಗೆ ಯಾರೂ ಹೇಳಲಿಲ್ಲ,
ಅಂದರು.
ದೂರು ಹೇಳಿದ ಹಾಗಿರಲಿಲ್ಲ. ಲೆಕ್ಕದಲ್ಲಿ
ಒಂದು ಸೊನ್ನೆ ಬಿಟ್ಟುಹೋದದ್ದು ಕಂಡವರ ಹಾಗೆ.

ಬ್ಲೇಡಿನ ನೀರಿನ ಕ್ಯಾನಿಗೆ ಕೈಯೊಡ್ಡಿ
ಬೆರಳ ಸಂದಿ, ಉಗುರಿನ ಅಡಿ,
ಮದುವೆ ಉಂಗುರದ ಕೆಳಗೆ
ತುಂಬ ಹೊತ್ತು ತೊಳೆದುಕೊಂಡರು.
ನಾನು ಹೊಟ್ಟು ಬಳಿದು ಡ್ರಮ್ಮಿಗೆ ತುಂಬಿದೆ.
ಡ್ರಮ್ಮನ್ನು ಎಲ್ಲಿಗೆ ಒಯ್ಯಬೇಕು? ಪಂಚಾಯ್ತಿಯಲ್ಲಿ ಕೇಳಿದ್ದೆ.
ಹೊಳೆಗೆ ಹಾಕಿ, ಅಂದಿದ್ದರು.

ಹೊರಡುವಾಗ ಹನ್ನೊಂದನೆಯದರ ಬಿಲ್ಲೆ ಕೇಳಿದರು.
ಇಕ್ಕಳದಿಂದ ಎಬ್ಬಿಸಿ ಕೊಟ್ಟೆ.
ಜೇಬಿಗೆ ಹಾಕಲು ಹೋದವರು
ನಿಂತು,
ಇದನ್ನೂ ತೊಳೀಬೇಕಾ?